ಕ್ಷಮಾಪಣೆಯ ಇಂಗ್ಲಿಷು

ಒಂದು ರಾಜ್ಯೋತ್ಸವದ ಸಭೆ ಮುಗಿದು, ಭಾಷಣಗಳ ಬಿಸಿ ಆರಿ, ಉಪ್ಪಿಟ್ಟಿನ ಬಿಸಿ ಕೈಗೆ ಬಂದಿದ್ದ ಹೊತ್ತು. ಹಿರಿಯ ಮಿತ್ರರೊಬ್ಬರು ನನ್ನನ್ನು ಮೂಲೆಗೆ ಕರೆದು ದನಿ ತಗ್ಗಿಸಿ ಕೇಳಿದರು: "ಏನಪ್ಪ, ನೀನು ಭಾನುವಾರ ಸಂಜೆ ಆಸ್ಪತ್ರೆಯ ಆಯಾಗಳಿಗೂ ಗೇಟು ಕಾಯುವವರಿಗೂ ಇಂಗ್ಲಿಷು ಹೇಳಿಕೊಡುತ್ತಿದ್ದೀಯಂತೆ. ನಿಜವೆ?" ನಿಜವೆಂದೆ. ಅವರು ತುಸು ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು, "ಕನ್ನಡದಲ್ಲಿ ಎಂ.ಎ. ಮಾಡಿ, ಕನ್ನಡದ ಅನ್ನ ಉಂಡು, ಕೊನೆಗೆ ಈ ಕೆಲಸವೆ?" ಎಂದರು. ಅವರ ಮಾತಿನಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಮನೆಯ ಮಗನೇ ಶತ್ರುವಿನ ಪಾಳೆಯದಲ್ಲಿ ನೀರು ಹೊರುತ್ತಿರುವುದನ್ನು ಕಂಡವರಂತೆ ಅವರು ನೊಂದಿದ್ದರು.

ಆ ಗಲಾಟೆಯಲ್ಲಿ ಉತ್ತರ ಹೇಳುವುದು ನನ್ನಿಂದಾಗಲಿಲ್ಲ. ಈಗ ಹೇಳುತ್ತಿದ್ದೇನೆ. ಅವರಿಗೆ ಮಾತ್ರವಲ್ಲ, ಅವರ ಎದುರು ಪಾಳೆಯದಲ್ಲಿ ಕುಳಿತು, 'ನಲವತ್ತು ದಿನದಲ್ಲಿ ಸರಾಗ ಇಂಗ್ಲಿಷು' ಎಂಬ ಹಲಗೆ ತೂಗುಹಾಕಿರುವ ಮಹನೀಯರಿಗೂ ಹೇಳಬೇಕಾಗಿದೆ. ಇವರಿಬ್ಬರೂ ಪರಸ್ಪರ ವೈರಿಗಳೆಂದು ಜನ ತಿಳಿದಿದ್ದಾರೆ. ದುಡಿಯುವವರ ಮಟ್ಟಿಗೆ ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ ಎಂಬುದು ನನ್ನ ದೂರು.

ಮೊದಲು ನಾನು ಈ ಕೆಲಸಕ್ಕೆ ಬಿದ್ದ ಬಗೆಯನ್ನು ಹೇಳಬೇಕು. ಬೆಂಗಳೂರಿನಲ್ಲಿ ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಹಾಸನದ ಕಡೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ. ಅವಳ ವಾರ್ಡಿನ ದಾದಿ ಪರರಾಜ್ಯದಿಂದ ಬಂದವಳು. ಆಕೆಗೆ ಕನ್ನಡವಿಲ್ಲ, ಇವಳಿಗೆ ಇಂಗ್ಲಿಷಿಲ್ಲ. ಒಂದು ರಾತ್ರಿ ರೋಗಿಯೊಬ್ಬನಿಗೆ ಸಲೈನು ಹನಿಯುತ್ತಿದ್ದ ಕೈ ಊದಿಕೊಂಡಿತು. ಅವನು ನರಳಿದ. ಇವಳು ಓಡಿಹೋಗಿ ದಾದಿಗೆ, "ಹ್ಯಾಂಡ್, ಹ್ಯಾಂಡ್, ಬಿಗ್" ಎಂದಳು. ಹತ್ತಾರು ರೋಗಿಗಳ ನಡುವೆ ತಿರುಗುತ್ತಿದ್ದ ಆಕೆಗೆ ಅದೇನೆಂದು ತಿಳಿಯಲಿಲ್ಲ. "ಓಕೆ, ಓಕೆ" ಎಂದು ಹೋದಳು. ಅರ್ಧ ಗಂಟೆ ಕಳೆಯಿತು. ಆಮೇಲೆ ರೋಗಿಯ ಕಡೆಯವರು ಬಂದು ನೋಡಿದರು, ರಂಪವಾಯಿತು. ದಾದಿಯನ್ನು ನಾನು ದೂರಲಾರೆ. ಅವಳೂ ಊರು ಬಿಟ್ಟು ಬಂದ ದುಡಿಮೆಗಾರ್ತಿಯೇ.

ಬೆಳಿಗ್ಗೆ ವಿಚಾರಣೆ. "ಮೊದಲೇ ಏಕೆ ಹೇಳಲಿಲ್ಲ?" ಎಂದು ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಈ ಹೆಣ್ಣುಮಗಳು ಅದಕ್ಕೆ ಹಿಂದಿನ ವಾರವಷ್ಟೇ, ಆಸ್ಪತ್ರೆಯವರೇ ಗೊತ್ತುಮಾಡಿದ್ದ ಸಂಸ್ಥೆಯೊಂದರಲ್ಲಿ ಇಂಗ್ಲಿಷು ಮಾತಿನ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿದ್ದಳು. ಅಲ್ಲಿ ಬಾಯಿಪಾಠ ಮಾಡಿಸಿದ್ದ ವಾಕ್ಯ ಅವಳ ನಾಲಗೆಗೆ ತಾನಾಗಿಯೇ ಬಂತು: "ಸಾರಿ ಸರ್. ಇಟ್ ವಿಲ್ ನಾಟ್ ಹ್ಯಾಪನ್ ಅಗೇನ್." ಕ್ಷಮಿಸಿ, ಇನ್ನೊಮ್ಮೆ ಹೀಗಾಗುವುದಿಲ್ಲ! ತಪ್ಪು ಮಾಡದವಳು ತಪ್ಪೊಪ್ಪಿಕೊಂಡಳು. ಒಪ್ಪಿಕೊಂಡದ್ದಕ್ಕೆ ಎರಡು ದಿನದ ಸಂಬಳ ಹೋಯಿತು. ಉಚ್ಚಾರಣೆ ಮಾತ್ರ ಬಲು ಚೆನ್ನಾಗಿತ್ತೆಂದು ಅಧಿಕಾರಿಗಳು ಮೆಚ್ಚಿಕೊಂಡರಂತೆ.

ಅವಳು ತೋರಿಸಿದ ಪಾಠದ ಪುಸ್ತಕವನ್ನು ನಾನು ಆ ಸಂಜೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಹೊಳಪಿನ ರಟ್ಟು, ಬಣ್ಣದ ಚಿತ್ರ. 'ಸಾರಿ' ಎಂಬ ಮಾತನ್ನು ಎಣಿಸುತ್ತ ಹೋಗಿ ಐವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. 'ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಿ', 'ತೊಂದರೆಯಾದದ್ದಕ್ಕೆ ಕ್ಷಮಿಸಿ', 'ನಾನು ನಿಮಗೆ ಹೇಗೆ ನೆರವಾಗಲಿ', 'ಖಂಡಿತ ಸರ್', 'ಈಗಲೇ ಮೇಡಂ'. ಕೆಲಸಗಾರನು ಪ್ರಶ್ನೆ ಕೇಳುವ ಪಾಠ ಒಂದೇ ಒಂದಿತ್ತು. ಅದು ಗಿರಾಕಿಗೆ ಏನು ಬೇಕೆಂದು ಕೇಳುವ ಪಾಠ. ತನಗೆ ಅರ್ಥವಾಗಲಿಲ್ಲ ಎಂದು ಹೇಳುವ ಪಾಠವಿಲ್ಲ. ಇದು ನನ್ನ ಕೆಲಸವಲ್ಲ ಎನ್ನುವ ಪಾಠವಿಲ್ಲ. ಅಪಾಯವಿದೆ, ಬೇಗ ಬನ್ನಿ ಎಂದು ಕೂಗುವ ಪಾಠವಿಲ್ಲ. ನನ್ನ ಸಂಬಳ ಏಕೆ ಕಡಿಮೆಯಾಯಿತು ಎಂದು ವಿಚಾರಿಸುವ ಪಾಠವಂತೂ ಇಲ್ಲವೇ ಇಲ್ಲ. ಆ ಪುಸ್ತಕದ ಲೋಕದಲ್ಲಿ ಕೆಲಸಗಾರನಿಗೆ ಬಾಯಿಯಿದೆ, ಅದರಿಂದ ಅವನಿಗೇನೂ ಉಪಯೋಗವಿಲ್ಲ.

ಇದು ನನ್ನೊಬ್ಬನ ಕಹಿಯೆಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ ವಲಸೆ ಬಂದ ದುಡಿಮೆಗಾರರಿಗಾಗಿ ಬರೆದ ಇಂಗ್ಲಿಷು ಪುಸ್ತಕಗಳನ್ನು ಪರೀಕ್ಷಿಸಿ, ಎಲ್ಸಾ ಔರ್ಬಾಕ್ ಮತ್ತು ಡೆನಿಸ್ ಬರ್ಜೆಸ್ ಎಂಬ ಇಬ್ಬರು ಶಿಕ್ಷಣತಜ್ಞರು 1985ರಲ್ಲಿಯೇ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಬದುಕಲು ಬೇಕಾದ ಭಾಷೆಯೆಂಬ ಹೆಸರಿನಲ್ಲಿ ಈ ಪುಸ್ತಕಗಳು ಒಳಗೊಳಗೇ ಬೇರೊಂದು ಪಾಠ ನಡೆಸುತ್ತವೆ, ಅದು ತಲೆತಗ್ಗಿಸುವ ಪಾಠ, ಎಂಬುದು ಅವರ ಆಕ್ಷೇಪಣೆಯ ಸಾರ.

ನಮ್ಮ ನಾಡಿನಲ್ಲಿ ಈ ಪಾಠ ಇನ್ನೂ ಹಳೆಯದು. ಕುಂಪಣಿಯ ಕಾಲದಲ್ಲಿ ಮದರಾಸಿನ ದೊರೆಗಳ ಮನೆಗಳಲ್ಲಿ ಬಟ್ಲರುಗಳೂ ಅಡಿಗೆಯವರೂ ಆಯಾಗಳೂ ಕೆಲಸದ ಅಗತ್ಯಕ್ಕಾಗಿ ಒಂದು ಇಂಗ್ಲಿಷನ್ನು ಕಟ್ಟಿಕೊಂಡರು. 'ಬಟ್ಲರ್ ಇಂಗ್ಲಿಷು' ಎಂದೇ ಅದಕ್ಕೆ ಹೆಸರು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ 'ಹಾಬ್ಸನ್ ಜಾಬ್ಸನ್' ನಿಘಂಟಿನಲ್ಲಿ ಅದಕ್ಕೊಂದು ನಮೂದಿದೆ. 1891ರಲ್ಲಿ ಹ್ಯೂಗೊ ಶುಖಾರ್ಟ್ ಎಂಬ ವಿದ್ವಾಂಸ ಅದರ ವಿಷಯ ಬರೆದ. ಭವಿಷ್ಯತ್ತಿಗೆ 'ಇಂಗ್' ಹಚ್ಚುವುದು, ಭೂತಕಾಲಕ್ಕೆ 'ಡನ್' ಸೇರಿಸುವುದು, ಇವು ಅದರ ಲಕ್ಷಣಗಳು. ದೊರೆಗಳು ಊಟದ ಮೇಜಿನಲ್ಲಿ ಈ ಮಾತನ್ನು ಅಣಕಿಸಿ ನಗುತ್ತಿದ್ದರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ದೊರೆಗೆ ಇಂಗ್ಲಿಷು ಹೇಳಬೇಕಾದ ಹೊರೆಯನ್ನು ಸೇವಕನೇ ಹೊತ್ತ. ಸೇವಕನ ಭಾಷೆಯನ್ನು ಕಲಿಯಬೇಕಾದ ಹೊರೆ ದೊರೆಗೆ ಅಷ್ಟಾಗಿ ಬೀಳಲಿಲ್ಲ. ಇಂದಿನ ಪುಸ್ತಕದಲ್ಲಿ ವ್ಯಾಕರಣ ತಿದ್ದಿದೆ, ಹೊರೆಯ ಹಂಚಿಕೆ ಹಾಗೆಯೇ ಉಳಿದಿದೆ. ವ್ಯಾಕರಣಶುದ್ಧವಾದ ಬಟ್ಲರ್ ಇಂಗ್ಲಿಷು ಎಂದು ಇದನ್ನು ಕರೆದರೆ ತಪ್ಪಾಗಲಾರದು.

ಮಧ್ಯದಲ್ಲಿ ಇನ್ನೊಂದು ಅವತಾರವನ್ನೂ ಬೆಂಗಳೂರು ಕಂಡಿತು. 2000ದ ಆಚೀಚೆಯ ವರ್ಷಗಳಲ್ಲಿ ದೂರವಾಣಿ ಸೇವೆಯ ಕಂಪನಿಗಳು ಬಂದಾಗ, ನಮ್ಮ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಕುಳಿತು ಅಮೆರಿಕದವರೊಡನೆ ಮಾತನಾಡಲು ಉಚ್ಚಾರಣೆಯನ್ನು ಮಾತ್ರವಲ್ಲ, ಹೆಸರನ್ನೂ ಬದಲಿಸಿಕೊಂಡರು. ಹಗಲಲ್ಲಿ ಲಕ್ಷ್ಮಿ, ಇರುಳಲ್ಲಿ ಲೂಸಿ. ಅವರು ಪದವೀಧರರು, ಕೈತುಂಬ ಸಂಬಳವಿತ್ತು, ಬೇಡವಾದರೆ ಬಿಟ್ಟುಹೋಗುವ ದಾರಿಯೂ ಇತ್ತು. ಗೇಟಿನಲ್ಲಿ ನಿಂತವನಿಗೆ, ವಾರ್ಡು ಗುಡಿಸುವವಳಿಗೆ, ಊಟದ ಚೀಲ ಹೊತ್ತು ಮೂರನೆಯ ಮಹಡಿ ಹತ್ತುವ ಹುಡುಗನಿಗೆ ಆ ದಾರಿಯಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಇಂಗ್ಲಿಷು ಬೇಡವೆಂಬುದು ನನ್ನ ವಾದವೆಂದು ತಿಳಿಯಬೇಡಿ. ಬೇಕು. ಹೋಟೆಲಿನಲ್ಲಿ ತಟ್ಟೆ ತೊಳೆಯುವವನು ಮೇಜಿನ ಬಳಿಗೆ ಬರಬೇಕಾದರೆ, ಮೇಜಿನವನು ಮುಂಗಟ್ಟೆಯಲ್ಲಿ ನಿಲ್ಲಬೇಕಾದರೆ ಇಂಗ್ಲಿಷೇ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಸಂಬಳ ಏರುತ್ತದೆ. ನನ್ನ ಮಗ ಆ ಮೆಟ್ಟಿಲು ಹತ್ತಲೆಂದು ಶಾಲೆಗೆ ಹಣ ಕಟ್ಟುವ ನಾನು, ಆಯಾಳ ಮುಂದೆ ನಿಂತು ಭಾಷಾಭಿಮಾನದ ಉಪದೇಶ ಮಾಡಿದರೆ ಅದಕ್ಕಿಂತ ನಾಚಿಕೆಗೇಡು ಬೇರೆಯಿಲ್ಲ. ಬೇಕೋ ಬೇಡವೋ ಎಂಬುದಲ್ಲ ಪ್ರಶ್ನೆ. ಯಾವ ಇಂಗ್ಲಿಷು, ಯಾರ ಪ್ರಯೋಜನಕ್ಕಾಗಿ, ಯಾವ ಭಾಷೆಯ ಮೂಲಕ ಎಂಬುದು ಪ್ರಶ್ನೆ.

'ಯಾವ ಭಾಷೆಯ ಮೂಲಕ' ಎಂಬ ಮಾತಿಗೆ ಬರೋಣ. ಆ ಸಂಸ್ಥೆಯ ತರಗತಿಯನ್ನು ನೋಡಬೇಕೆಂದು ಒಂದು ದಿನ ಹೋದೆ. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಫಲಕ: ಇಲ್ಲಿ ಕನ್ನಡ ಆಡಿದವರು ಹತ್ತು ರೂಪಾಯಿ ದಂಡ ತೆರತಕ್ಕದ್ದು. ದಂಡದ ಡಬ್ಬಿಯೂ ಅಲ್ಲಿತ್ತು. ಮೂವತ್ತು, ನಲವತ್ತು ವಯಸ್ಸಿನ ಗಂಡಸರೂ ಹೆಂಗಸರೂ, ಮನೆಯಲ್ಲಿ ಮಕ್ಕಳನ್ನು ಗದರಿಸುವವರು, ಇಲ್ಲಿ ದಂಡಕ್ಕೆ ಹೆದರಿ ಬಾಯಿ ಹೊಲಿದುಕೊಂಡು ಕುಳಿತಿದ್ದರು. ಮಗು ತಾಯಿನುಡಿ ಕಲಿಯುವಂತೆ ಇವರೂ ಇಂಗ್ಲಿಷಿನಲ್ಲಿ ಮುಳುಗಿ ಕಲಿಯಬೇಕಂತೆ. ಮಗುವಿಗೆ ದಿನವಿಡೀ ತಾಯಿಯಿದ್ದಾಳೆ. ಇವರಿಗಿರುವುದು ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದ ಮೇಲೆ ಉಳಿದ ಒಂದು ಗಂಟೆ, ಅದರಲ್ಲಿ ಅರ್ಧ ತೂಕಡಿಕೆ. ಈಜು ಬಾರದವನನ್ನು ಬಾವಿಗೆ ನೂಕಿ, ಕೂಗಿಕೊಂಡರೆ ದಂಡ ಹಾಕುವುದನ್ನು ಶಿಕ್ಷಣಕ್ರಮವೆಂದು ಕರೆಯುವುದು ಹೇಗೆ?

ಕನ್ನಡದ ಮೂಲಕ ಕಲಿಸಿದರೆ ಕೆಲಸ ಎಷ್ಟು ಸುಲಭವಾಗುತ್ತದೆಂಬುದನ್ನು ನನ್ನ ಹೊರಸಾಲೆಯ ತರಗತಿಯಲ್ಲಿ ಕಂಡೆ. ನಮ್ಮವರ ಇಂಗ್ಲಿಷು ಒರಟು, 'ಪ್ಲೀಸ್' ಹೇಳುವುದೇ ಗೊತ್ತಿಲ್ಲ ಎಂಬ ದೂರು ಎಲ್ಲ ಕಡೆಯೂ ಇದೆ. ಕಾರಣವೇನು? ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಕುಳಿತಿರುತ್ತದೆ. 'ಕೊಡು' ಎಂಬುದು ಒಂದು, 'ಕೊಡಿ' ಎಂಬುದು ಇನ್ನೊಂದು. ಧಾರವಾಡದವರು 'ಕೊಡ್ರಿ' ಎಂದು ಇನ್ನಷ್ಟು ಬೆಣ್ಣೆ ಹಚ್ಚುತ್ತಾರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಬಾಲವಿಲ್ಲ. 'ಗಿವ್' ಎಂದರೆ ಕೊಡು ಎಂಬುದೂ ಅದೇ, ಕೊಡಿ ಎಂಬುದೂ ಅದೇ. ನಮ್ಮವನು ಮನಸ್ಸಿನಲ್ಲಿ 'ಕೊಡಿ' ಎಂದೇ ಅಂದುಕೊಂಡು 'ಗಿವ್' ಎನ್ನುತ್ತಾನೆ. ಕೇಳುವವನಿಗೆ 'ಕೊಡೋ' ಎಂದಂತಾಗುತ್ತದೆ. "ನೀವು ಹಿಂದೆ ಹಚ್ಚುವ 'ಇ'ಕಾರವನ್ನು ಇಂಗ್ಲಿಷಿನವನು ಮುಂದೆ 'ಪ್ಲೀಸ್' ಎಂದು ಹಚ್ಚುತ್ತಾನೆ" ಎಂದೆ. ತರಗತಿಯೆಲ್ಲ ನಕ್ಕಿತು. ಮುಂದಿನ ವಾರ ಯಾರೂ 'ಪ್ಲೀಸ್' ಮರೆಯಲಿಲ್ಲ.

'ವುಡ್ ಯು', 'ಕುಡ್ ಯು' ಎಂಬುವು ನನಗೇ ಕಾಲೇಜಿನಲ್ಲಿ ಅರ್ಥವಾಗಿರಲಿಲ್ಲ. ಮುಂದೆ ಆಗಬೇಕಾದ ಕೆಲಸಕ್ಕೆ ಭೂತಕಾಲದ ರೂಪವೇಕೆಂದು ತಲೆ ಕೆರೆದುಕೊಂಡಿದ್ದೆ. ಅದನ್ನು ಬಿಡಿಸಿದವನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ವಿದ್ಯಾರ್ಥಿ. ಗಿರಾಕಿ ಬಂದರೆ ಕನ್ನಡದಲ್ಲಿ ಏನು ಕೇಳುತ್ತೀಯೆ ಎಂದೆ. "ಏನ್ ಬೇಕಿತ್ತು ಸಾರ್?" ಎಂದ. ನೋಡಿ! ಬೇಕಾಗಿರುವುದು ಈಗ, ಅವನು ಕೇಳುವುದು 'ಬೇಕಿತ್ತು' ಎಂದು. ವಿನಯ ಬಂದಾಗ ಕಾಲ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಇಂಗ್ಲಿಷಿನಲ್ಲೂ ನಡೆಯುವುದು ಇದೇ. ಹತ್ತು ನಿಮಿಷದಲ್ಲಿ ಮುಗಿದ ಈ ಪಾಠವನ್ನು ದಂಡದ ಡಬ್ಬಿಯ ಮುಂದೆ ನಲವತ್ತು ದಿನವಾದರೂ ಹೇಳಲಾಗದು.

ಉಚ್ಚಾರಣೆಯೂ ಹಾಗೆಯೇ. ಆಡುಮಾತಿನಲ್ಲಿ ನಾವು ಎಲೆಯನ್ನು 'ಯೆಲೆ' ಎನ್ನುತ್ತೇವೆ, ಒಲೆಯನ್ನು 'ವೊಲೆ' ಎನ್ನುತ್ತೇವೆ. ಆದ್ದರಿಂದಲೇ 'ಎಗ್' ಹೋಗಿ 'ಯೆಗ್' ಆಗುತ್ತದೆ, 'ಓಪನ್' ಹೋಗಿ 'ವೋಪನ್' ಆಗುತ್ತದೆ. ಇದು ಮೂರ್ಖತನವಲ್ಲ, ಇನ್ನೊಂದು ಭಾಷೆಯ ನಿಯಮ ಎಂದು ತಿಳಿದೊಡನೆ ಕಲಿಯುವವನ ಬೆನ್ನು ನೆಟ್ಟಗಾಗುತ್ತದೆ. ನಿಜವಾಗಿ ಕಾಳಜಿಯಿಂದ ತಿದ್ದಬೇಕಾದ ತಪ್ಪುಗಳು ಬೇರೆ ಇವೆ. 'ಫಿಫ್ಟೀನ್' ಮತ್ತು 'ಫಿಫ್ಟಿ' ಕಿವಿಗೆ ಒಂದೇ ಆಗಿ ಕೇಳುತ್ತವೆ. ಹೋಟೆಲಿನಲ್ಲಾದರೆ ಹದಿನೈದನೆಯ ಕೋಣೆಯ ಕಾಫಿ ಐವತ್ತನೆಯ ಕೋಣೆಗೆ ಹೋದೀತು. ಆಸ್ಪತ್ರೆಯಲ್ಲಾದರೆ ಪ್ರಾಣ ಹೋದೀತು. ಅದಕ್ಕಾಗಿಯೇ ಔಷಧದ ಅಳತೆ ಹೇಳುವಾಗ ಅಂಕಿಗಳನ್ನು ಬಿಡಿಸಿ, 'ಒನ್ ಫೈವ್', 'ಫೈವ್ ಜೀರೋ' ಎಂದು ಹೇಳಬೇಕೆಂಬ ಕ್ರಮವಿದೆ. ಆ ಹೊಳಪಿನ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟವೂ ಇರಲಿಲ್ಲ.

ಇನ್ನು ಹೊರೆಯ ಮಾತು. ಎಲ್ಲ ಕಲಿಕೆಯೂ ಕೆಳಗಿನವನೇ ಮಾಡಬೇಕೆಂದು ಎಲ್ಲಿ ಬರೆದಿದೆ? 1970ರ ದಶಕದಲ್ಲಿ ಬ್ರಿಟನ್ನಿನ ದೊಡ್ಡದೊಂದು ವಿಮಾನ ನಿಲ್ದಾಣದಲ್ಲಿ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಅಲ್ಲಿನ ನೌಕರರ ಊಟದ ಮನೆಗೆ ಭಾರತ, ಪಾಕಿಸ್ತಾನಗಳ ಕಡೆಯ ಹೆಂಗಸರನ್ನು ಹೊಸದಾಗಿ ತೆಗೆದುಕೊಂಡಿದ್ದರು. ಇವರು ಸಿಡುಕಿನವರು, ಒರಟರು ಎಂಬ ದೂರು ಬಂತು. ಅವರು ಆಡುತ್ತಿದ್ದ ಮಾತೇ ಅತ್ಯಲ್ಪ. ಮಾಂಸದ ಮೇಲೆ ಹಾಕುವ ಸಾರು ಬೇಕೆ ಎಂದು ಕೇಳಲು 'ಗ್ರೇವಿ' ಎಂಬ ಒಂದೇ ಪದ. ಇಂಗ್ಲಿಷರ ಹೆಂಗಸು ಆ ಪದದ ಕೊನೆಯಲ್ಲಿ ದನಿ ಏರಿಸುತ್ತಾಳೆ. ಆಗ ಅದು 'ಬೇಕೆ?' ಎಂದಾಗುತ್ತದೆ. ನಮ್ಮ ಹೆಂಗಸು ದನಿ ಇಳಿಸುತ್ತಾಳೆ. ಅವಳ ಭಾಷೆಯಲ್ಲಿ ಅದೇ ಸಹಜ. ಕೇಳುವವನಿಗೆ ಅದು 'ಇದು ಗ್ರೇವಿ, ಬೇಕಾದರೆ ತಗೋ' ಎಂದಂತೆ ಕೇಳಿಸಿತು. ಒಂದು ಪದದ ಏರಿಳಿತಕ್ಕೆ ಒಂದು ಜನಾಂಗವೇ ಒರಟೆಂಬ ಹೆಸರು ಹೊತ್ತಿತು.

ಇದನ್ನು ಬಿಡಿಸಿ ತೋರಿಸಿದವರು ಜಾನ್ ಗಂಪರ್ಜ್ ಎಂಬ ವಿದ್ವಾಂಸರು. ಅವರಿಗೂ ಕನ್ನಡಕ್ಕೂ ಒಂದು ನಂಟಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳು ಅಕ್ಕಪಕ್ಕದಲ್ಲಿ ಬಾಳಿ ಒಂದರ ವ್ಯಾಕರಣ ಇನ್ನೊಂದಕ್ಕೆ ಇಳಿದಿರುವುದನ್ನು ರಾಬರ್ಟ್ ವಿಲ್ಸನ್ನರ ಜೊತೆಯಲ್ಲಿ 1971ರಲ್ಲಿ ಬರೆದವರು ಇವರೇ. ಆ ಊಟದ ಮನೆಯ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ತೋರಿದ್ದು ಮದ್ದು ಕೊಟ್ಟ ಬಗೆ. ಧ್ವನಿಮುದ್ರಣವನ್ನು ಬಡಿಸುವ ಹೆಂಗಸರೂ ಕೇಳಿದರು, ಅವರ ಮೇಲ್ವಿಚಾರಕರೂ ಕೇಳಿದರು. ಹೆಂಗಸರು ದನಿ ಏರಿಸುವುದನ್ನು ಕಲಿತರು. ದನಿ ಇಳಿದ ಮಾತ್ರಕ್ಕೆ ಅದು ಅವಮರ್ಯಾದೆಯಲ್ಲವೆಂದು ಮೇಲಿನವರು ಕಲಿತರು. ನಮ್ಮ ಊರಿನಲ್ಲಿ ಮೇಲಿನವರಿಗೆ ಇಂಥ ಪಾಠ ಹೇಳಿದವರನ್ನು ನಾನು ಕಂಡಿಲ್ಲ. ಆ ಆಸ್ಪತ್ರೆಯ ದಾದಿಗೆ 'ಕೈ', 'ಊತ', 'ನೋವು', 'ಬೇಗ' ಎಂಬ ನಾಲ್ಕು ಕನ್ನಡ ಪದಗಳನ್ನು ಕಲಿಸಿದ್ದರೆ, ಆಯಾಳ ನಲವತ್ತು ದಿನದ ತರಬೇತಿಗಿಂತ ರೋಗಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಈಗ ನನ್ನ ಹಿರಿಯ ಮಿತ್ರರ ಕಡೆಗೆ ತಿರುಗುತ್ತೇನೆ. ಸ್ವಾಮಿ, ಕನ್ನಡಕ್ಕಾಗಿ ತಾವು ಮಾಡಿದ ಹೋರಾಟವನ್ನು ನಾನು ಲಘುವಾಗಿ ಕಾಣುವವನಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ತಾವು ಬೀದಿಗಿಳಿದಿದ್ದಿರಿ. ಅಂಗಡಿಯ ಹಲಗೆಗಳಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾದಾಗ ತಮಗೆ ಸಂತೋಷವಾಯಿತು, ನನಗೂ ಆಯಿತು. ಆದರೆ ಆ ಹಲಗೆಯ ಕೆಳಗೆ ಒಳಗೆ ಹೋಗಿ ನೋಡಿದ್ದೀರಾ? ಒಳಗೆ ದುಡಿಯುವವನ ನೇಮಕಪತ್ರ ಇಂಗ್ಲಿಷು, ಸಂಬಳದ ಚೀಟಿ ಇಂಗ್ಲಿಷು, ನೋಟೀಸು ಇಂಗ್ಲಿಷು. ಗಿರಾಕಿಯ ಕಣ್ಣಿಗೆ ಕನ್ನಡ, ಕೆಲಸಗಾರನ ರುಜುವಿಗೆ ಇಂಗ್ಲಿಷು. ನಾವು ಹಲಗೆ ಅಳೆಯುತ್ತ ನಿಂತೆವು. ಚೀಟಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಚೀಟಿಯನ್ನು ಕನ್ನಡಕ್ಕೆ ತರುವ ಹೋರಾಟಕ್ಕೆ ತಾವು ಹೊರಟರೆ ನಾನು ಹಿಂದೆ ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಓದಲು ಬಾರದವನನ್ನು ಹಾಗೆಯೇ ಬಿಡಬೇಕೆ? ಇಂಗ್ಲಿಷು ಕಲಿಸಕೂಡದೆನ್ನುವ ಅಭಿಮಾನಿಯೂ, ಕ್ಷಮಾಪಣೆಯಷ್ಟೇ ಇಂಗ್ಲಿಷು ಸಾಕೆನ್ನುವ ವ್ಯಾಪಾರಿಯೂ ಅವನನ್ನು ಮೂಕನನ್ನಾಗಿಯೇ ಇಡುತ್ತಾರೆ. ನನ್ನ ದೂರು ಇದು.

ಕನ್ನಡ ಮೇಷ್ಟರಿಗೆ ಇದು ತಕ್ಕ ಕೆಲಸವಲ್ಲವೆಂದಿರಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ 'ಕನ್ನಡ ಮಾತು ತಲೆಯೆತ್ತುವ ಬಗೆ'ಯನ್ನು ಕುರಿತು ಮಾತನಾಡಿದರು. ನಿನಗೇಕಯ್ಯ ಕನ್ನಡದ ಉಸಾಬರಿ ಎಂದು ಅವರನ್ನು ಯಾರಾದರೂ ಕೇಳಿ, ಅವರೂ ಅದಕ್ಕೆ ಕಿವಿಗೊಟ್ಟಿದ್ದರೆ ನಮ್ಮ ಗತಿಯೇನಾಗುತ್ತಿತ್ತು? ಇಂಗ್ಲಿಷಿನ ಮೇಷ್ಟರು ಕನ್ನಡವನ್ನು ಎತ್ತಬಹುದಾದರೆ, ಕನ್ನಡದ ಮೇಷ್ಟರು ಕನ್ನಡಿಗರ ಇಂಗ್ಲಿಷನ್ನು ಎತ್ತಬಾರದೇಕೆ? ಕನ್ನಡ ಬಲ್ಲವನಿಗೇ ಗೊತ್ತು, ಕಲಿಯುವವನು ಎಲ್ಲಿ ಎಡವುತ್ತಾನೆ, ಏಕೆ ಎಡವುತ್ತಾನೆ ಎಂಬುದು.

ಕೊನೆಯದಾಗಿ ನನ್ನ ತರಗತಿಯ ಒಬ್ಬನ ಕಥೆ. ಅವನು ಒಂದು ವಸತಿ ಸಮುಚ್ಚಯದ ಗೇಟಿನಲ್ಲಿ ಕಾವಲುಗಾರ. 2005ರ ಕಾಯಿದೆಯ ಕೆಳಗೆ ಕೇಂದ್ರ ಸರ್ಕಾರ 2006ರಲ್ಲಿ ಹೊರಡಿಸಿದ ಮಾದರಿ ನಿಯಮಗಳು ಖಾಸಗಿ ಕಾವಲುಗಾರನಿಗೆ 100 ಗಂಟೆಯ ಪಾಠ, 60 ಗಂಟೆಯ ಕ್ಷೇತ್ರ ತರಬೇತಿ ವಿಧಿಸಿದ್ದವು. ಗುರುತಿನ ಕಾಗದಗಳಲ್ಲಿ ಬರುವ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಓದಿ ತಿಳಿಯುವುದು ಆ ಪಾಠದಲ್ಲಿ ಸೇರಿತ್ತು. ಇವನಿಗೆ ಸಿಕ್ಕ ತರಬೇತಿ ಒಂದು ಸೆಲ್ಯೂಟು, ಒಂದು 'ಗುಡ್ ಮಾರ್ನಿಂಗ್ ಸರ್'. ಒಂದು ಭಾನುವಾರ ಅವನು ಸಂಬಳದ ಚೀಟಿ ತಂದ. ತರಗತಿಯೆಲ್ಲ ಸೇರಿ ಅದನ್ನು ಓದಿದೆವು. ಸಂಬಳ 16,000. ಇ.ಎಸ್.ಐ. ಎಂದು 120 ಕಡಿತ. ಲೆಕ್ಕ ಸರಿಯಾಗಿತ್ತು, 2019ರ ಜುಲೈಯಿಂದ ಆ ವಿಮೆಗೆ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು, ಮಾಲೀಕನ ಪಾಲು ಮೂರೂಕಾಲು. ಆದರೆ ಆ ಮೂರಕ್ಷರದ ಅರ್ಥ ತನಗೂ ತನ್ನ ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಹಿಂದಿನ ತಿಂಗಳು ಮಗಳ ಜ್ವರಕ್ಕೆ ಬಡ್ಡಿ ಸಾಲ ಮಾಡಿ ಖಾಸಗಿ ವೈದ್ಯರಿಗೆ ಹಣ ತೆತ್ತಿದ್ದ.

ಚೀಟಿಯಲ್ಲಿ ಇನ್ನೊಂದು ಕಡಿತವಿತ್ತು, ಐನೂರು ರೂಪಾಯಿ. ಅದರ ಮುಂದೆ ಎರಡಕ್ಷರದ ಒಂದು ಗುರುತು, ನಮಗಾರಿಗೂ ಅರ್ಥವಾಗಲಿಲ್ಲ. ಮೂರು ತಿಂಗಳಿಂದ ಅವನು ಮೇಲ್ವಿಚಾರಕನನ್ನು ಕನ್ನಡದಲ್ಲಿ ಕೇಳುತ್ತಲೇ ಇದ್ದ. "ಆಫೀಸಿನಲ್ಲಿ ಕೇಳು, ಹೋಗು" ಎಂಬ ಉತ್ತರ ಸಿಗುತ್ತಿತ್ತು. ಆ ಸಂಜೆ ಒಂದು ವಾಕ್ಯ ಕಟ್ಟಿ, ಇಪ್ಪತ್ತು ಸಲ ಹೇಳಿಸಿದೆವು. ಮರುದಿನ ಅವನು ಮೇಲ್ವಿಚಾರಕನ ಮುಂದೆ ನಿಂತು ಹೇಳಿದ: "ಸರ್, ವಾಟ್ ಈಸ್ ದಿಸ್ ಡಿಡಕ್ಷನ್? ಪ್ಲೀಸ್ ಗಿವ್ ಇನ್ ರೈಟಿಂಗ್." ಮೇಲ್ವಿಚಾರಕ ಒಂದು ಗಳಿಗೆ ಅವನ ಮುಖ ನೋಡಿದನಂತೆ. ಆಮೇಲೆ ಅಪ್ಪಟ ಮಂಡ್ಯದ ಕನ್ನಡದಲ್ಲಿ, "ಅದು ಸಮವಸ್ತ್ರದ್ದು ಕಣಯ್ಯ, ಮೂರು ತಿಂಗಳದ್ದಷ್ಟೆ, ಇನ್ಮೇಲೆ ಹಿಡಿಯಲ್ಲ ಬಿಡು" ಎಂದನಂತೆ. ಮುಂದಿನ ತಿಂಗಳು ಐನೂರು ಕಡಿತವಾಗಲಿಲ್ಲ. ಹಿಂದಿನ ಒಂದೂವರೆ ಸಾವಿರ ಇನ್ನೂ ಬಂದಿಲ್ಲ. ಅದಕ್ಕೆ ಬೇಕಾದ ವಾಕ್ಯವನ್ನು ಈಗ ಕಲಿಯುತ್ತಿದ್ದೇವೆ.

ಈ ಕಥೆ ಹೇಳಿ ನಾನು ಇಂಗ್ಲಿಷಿನ ಮಹಿಮೆಯನ್ನು ಹಾಡುತ್ತಿಲ್ಲ. ಕನ್ನಡದ ಊರಿನಲ್ಲಿ, ಕನ್ನಡದವನು ಕನ್ನಡದವನನ್ನು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮೂರು ತಿಂಗಳು ಬೆಲೆಯಿರಲಿಲ್ಲ. ಉತ್ತರ ಕನ್ನಡದಲ್ಲೇ ಇತ್ತು. ಅದನ್ನು ಹೊರಡಿಸಲು ಇಂಗ್ಲಿಷಿನ ಕೀಲಿ ಬೇಕಾಯಿತು. ಈ ನಾಚಿಕೆ ಕಾವಲುಗಾರನದಲ್ಲ, ನಮ್ಮದು.

ಆದ್ದರಿಂದ ತರಬೇತಿ ನಡೆಸುವವರಿಗೆ ನಾನು ಹೇಳುವುದು ಇಷ್ಟು. ದಂಡದ ಡಬ್ಬಿ ತೆಗೆಯಿರಿ. ಕನ್ನಡದಲ್ಲಿ ಬಿಡಿಸಿ ಹೇಳಿ. ಕ್ಷಮೆ ಕೇಳುವ ಪ್ರತಿಯೊಂದು ಪಾಠಕ್ಕೂ ಪ್ರಶ್ನೆ ಕೇಳುವ ಒಂದು ಪಾಠ ಸೇರಿಸಿ. ಅಪಾಯ ತಿಳಿಸುವುದನ್ನು, ಇಲ್ಲವೆನ್ನುವುದನ್ನು, ಸಂಬಳದ ಚೀಟಿ ಓದುವುದನ್ನು ಮೊದಲ ವಾರದಲ್ಲೇ ಕಲಿಸಿ. ಪಾಠವನ್ನು ಕೆಲಸದ ಗಂಟೆಯೊಳಗೇ, ಸಂಬಳ ಕೊಟ್ಟು ನಡೆಸಿ. ಲಾಭ ನಿಮ್ಮದಾದಾಗ ನಿದ್ದೆ ಅವರದೇಕೆ ಹೋಗಬೇಕು? ಮೇಲ್ವಿಚಾರಕರನ್ನೂ ಒಂದು ಬೆಂಚಿನಲ್ಲಿ ಕೂರಿಸಿ.

ಆ ಆಯಾ ನನ್ನ ತರಗತಿಯಲ್ಲಿ ಮೊದಲು ಕಲಿತ ವಾಕ್ಯ: "ಹಿಸ್ ಹ್ಯಾಂಡ್ ಈಸ್ ಸ್ವೋಲನ್. ಪ್ಲೀಸ್ ಕಮ್ ನೌ." ಎರಡನೆಯ ವಾಕ್ಯ: "ಐ ಟೋಲ್ಡ್ ಯು ಅಟ್ ಟೆನ್ ಓ ಕ್ಲಾಕ್." ಹತ್ತು ಗಂಟೆಗೆ ನಾನು ಹೇಳಿದ್ದೆ. ಈ ಎರಡು ವಾಕ್ಯ ಮೊದಲೇ ಬರುತ್ತಿದ್ದರೆ ಒಬ್ಬ ರೋಗಿಯ ನೋವೂ ಒಬ್ಬಳ ಎರಡು ದಿನದ ಸಂಬಳವೂ ಉಳಿಯುತ್ತಿತ್ತು.

ಹಿರಿಯ ಮಿತ್ರರೂ ಒಂದು ಭಾನುವಾರ ಸಂಜೆ ದಯಮಾಡಿಸಬೇಕು. ನಾವು ಇಂಗ್ಲಿಷು ಕಲಿಯುವ ಆ ಒಂದು ಗಂಟೆಯಲ್ಲಿ ಐವತ್ತು ನಿಮಿಷ ನಡೆಯುವುದು ಕನ್ನಡವೇ. ಹಾಸನದ್ದು, ಮಂಡ್ಯದ್ದು, ಕಲಬುರಗಿಯದು, ಎಲ್ಲ ಕನ್ನಡವೂ ಅಲ್ಲಿ ದಂಡವಿಲ್ಲದೆ ಮಾತನಾಡುತ್ತದೆ.